ಡಬ್ಬದ ತಳದ ಕ್ಯಾಲ್ಸಿಯಂ

ನಮ್ಮ ವೈಟ್‌ಫೀಲ್ಡ್ ಫ್ಲ್ಯಾಟಿಗೆ ಸಕ್ಕರೆಯಿಲ್ಲದ ಸೋಯಾ ಹಾಲನ್ನು ತಂದವರು ನನ್ನ ಗಂಡ. ಆಫೀಸಿನಲ್ಲಿ ಯಾರೋ ಆರೋಗ್ಯದ ಬಗ್ಗೆ ಭಾಷಣ ಮಾಡಿದ್ದರಂತೆ. ಮರುದಿನದಿಂದಲೇ ಹಸುವಿನ ಹಾಲು ಬಂದ್. ಹೊಸ ಹಾಲಿಗೆ ಹಸಿ ಕಾಳಿನ ವಾಸನೆ. ಬಿಸಿ ಡಿಕಾಕ್ಷನ್‌ಗೆ ಹಾಕಿದರೆ ಒಡೆದೇ ಹೋಗುತ್ತಿತ್ತು.

"ಹಸುವಿನ ಹಾಲಿನಷ್ಟೇ ಪ್ರೋಟೀನ್ ಇದೆ ಕಣೇ. ಕೊಲೆಸ್ಟ್ರಾಲ್ ಇಲ್ಲ, ಸಕ್ಕರೆ ಇಲ್ಲ. ನಿನ್ನ ಮೂಳೆಗೆ ಅಂತ ಕ್ಯಾಲ್ಸಿಯಂ ಬೇರೆ ಸೇರಿಸಿದಾರೆ" ಎಂದು ದಿನಾ ಬೆಳಿಗ್ಗೆ ಪಾಠ. ಅದರಲ್ಲಿ ಯಾವುದೂ ಸುಳ್ಳಲ್ಲ. ನನ್ನ ಮೈ ಉರಿಯುತ್ತಿದ್ದುದು ಪಾಠ ಹೇಳುವ ಆ ದನಿಗೆ. ನಾನು ಕೊನೆಯ ಗುಟುಕು ನುಂಗುವವರೆಗೆ ಜೈಲರ್‌ನ ಹಾಗೆ ಎದುರಿಗೇ ನಿಂತಿರುತ್ತಿದ್ದರು.

ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ, ತೊಳೆದು, ಒಣಗಿಸಿ ಹಳೇ ಪೇಪರಿನವನಿಗೆ ಕೊಡುವುದು ನನ್ನ ಅಭ್ಯಾಸ. ಸೋಯಾ ಹಾಲಿನ ರಟ್ಟಿನ ಡಬ್ಬಗಳನ್ನು ಮಾತ್ರ ಅವರೇ ಹಾಗೇ ಕಸಕ್ಕೆ ಎಸೆಯುತ್ತಿದ್ದರು. ಒಂದು ಭಾನುವಾರ ಖಾಲಿ ಡಬ್ಬ ನನ್ನ ಕೈಗೆ ಸಿಕ್ಕಿತು. ಕತ್ತರಿಸಿದೆ. ತಳದಲ್ಲಿ ಸೀಮೆಸುಣ್ಣ ಅರೆದಂಥ ಬಿಳಿ ಗಸಿ ದಪ್ಪಗೆ ಕೂತಿತ್ತು.

"ಇದೇನ್ರೀ?"

ಅವರು ಬಗ್ಗಿ ನೋಡಿದರು. "ಅಯ್ಯೋ, ಅದೇ ಕಣೇ ಕ್ಯಾಲ್ಸಿಯಂ. ತಳಕ್ಕೆ ಕೂತ್ಬಿಡುತ್ತೆ. ಬಗ್ಗಿಸೋ ಮುಂಚೆ ಚೆನ್ನಾಗಿ ಅಲ್ಲಾಡಿಸ್ಬೇಕು."

"ನೀವು ಅಲ್ಲಾಡಿಸ್ತಿದ್ರಾ?"

"ಇಲ್ಲ... ಅಲ್ಲಾಡಿಸಿದ್ರೆ ನೊರೆ ಬರುತ್ತಲ್ಲ."

ನನ್ನ ಮೂಳೆಗೆಂದು ಬಂದದ್ದು ಇಷ್ಟು ದಿನ ನೇರ ಕಸದ ಬುಟ್ಟಿಗೆ ಹೋಗಿತ್ತು. ನನ್ನ ಪಾಲಿಗೆ ಉಳಿದದ್ದು ವಾಸನೆ ಮತ್ತು ಭಾಷಣ. ಗಸಿಯನ್ನೆಲ್ಲ ಚಮಚದಲ್ಲಿ ಕೆರೆದು ಅವರ ಹಾಲಿನ ಲೋಟಕ್ಕೆ ಹಾಕಿದೆ. ಅವರು ಕೊನೆಯ ಗುಟುಕು ನುಂಗುವವರೆಗೆ ಎದುರಿಗೇ ನಿಂತೆ.