ಅಂಬಿಕಾ ಹಿಡಿದ ಕೆಂಪು ಹೂವು

ಜಗಳೂರಿನಲ್ಲಿ ಹೊಲಿಗೆ ಮಿಷನ್ ಕೆಟ್ಟರೆ ಜನ ಅಂಬಿಕಾಳನ್ನೇ ಕರೆಯುತ್ತಾರೆ. ಐಟಿಐ ಕಲಿತ ಕೈ. ಸದ್ದು ಕೇಳಿಯೇ ಕೆಟ್ಟದ್ದೇನೆಂದು ಹೇಳಿಬಿಡುತ್ತಾಳೆ. ಮೂರು ವರ್ಷದ ಹಿಂದೆ ಆಕೆ ಮೊಬೈಲಿನಲ್ಲಿ ಒಂದು ಸಂಗತಿ ಓದಿದಳು. ಆರಿದ್ರಾ ನಕ್ಷತ್ರದ ಆಚೆ ಗುಲಾಬಿಯಂಥ ನೀಹಾರಿಕೆಯೊಂದಿದೆ, ಅದರ ಅನಿಲ ತಾನೇ ಕೆಂಪಗೆ ಬೆಳಗುತ್ತದೆ, ಆದರೆ ಬರಿಗಣ್ಣಿಗೆ ಕಾಣದಷ್ಟು ಮಂಕು. ಅಂದಿನಿಂದ ಹುಚ್ಚು ಹತ್ತಿತು.

ಗಂಡ ಕಲ್ಲೇಶ್ ಮದುವೆ ಫೋಟೊಗ್ರಾಫರ್. ಹೆಂಡತಿ ಕೇಳಿದಳೆಂದು ಮೂಲೆಗೆ ಬಿದ್ದಿದ್ದ ಹಳೆಯ ಕ್ಯಾಮೆರಾ ಕೊಟ್ಟ. ಮರುದಿನ ಅದು ಬಿಡಿಬಿಡಿಯಾಗಿ ಅವಳ ಮುಂದೆ ಹರಡಿತ್ತು.

"ಏನೇ ಇದು!"

"ಒಳಗೊಂದು ಗಾಜು ಐತ್ರಿ, ಆ ಕೆಂಪು ಬೆಳಕನ್ನ ತಡೀತೈತೆ. ಅದನ್ನ ತೆಗೀತೀನಿ, ಸುಮ್ನಿರ್ರಿ."

ಗಾಜು ತೆಗೆಯುವುದು ಒಂದು ಸಂಜೆಯ ಕೆಲಸ. ಚಿತ್ರದಲ್ಲಿ ಚುಕ್ಕಿ ಜಾರದಂತೆ, ಆಕಾಶ ತಿರುಗಿದಷ್ಟೇ ನಿಧಾನವಾಗಿ ಕ್ಯಾಮೆರಾ ತಿರುಗಿಸುವುದಿತ್ತಲ್ಲ, ಅದು ಎರಡು ಚಳಿಗಾಲ ನುಂಗಿತು. ಎರಡು ಹಲಗೆಗೆ ಬಾಗಿಲ ಕೀಲು ಜೋಡಿಸಿ, ಅವುಗಳ ನಡುವೆ ತಿರುಪಿನ ಸುತ್ತುಗಳಿರುವ ಕಬ್ಬಿಣದ ಸರಳು ಹಾಕಿ, ಹಳೆಯ ಪ್ರಿಂಟರಿನ ಮೋಟಾರಿನಿಂದ ಮೇಲಿನ ಹಲಗೆ ಕ್ಯಾಮೆರಾ ಸಮೇತ ಮೆಲ್ಲಗೆ ತೆರೆಯುವಂತೆ ಮಾಡಿದಳು. ತವರಿನ ಹಳ್ಳಿಯಲ್ಲಿ ಬೀದಿದೀಪ ಕಡಿಮೆ. ಅಪ್ಪ ಮುರುಗೇಶಪ್ಪನ ಮಾಳಿಗೆಯ ಮೇಲೆ ಅದನ್ನು ಹೂಡಿದಳು. ಚಿತ್ರದಲ್ಲಿ ಚುಕ್ಕಿಗಳು ಶಾವಿಗೆ ಎಳೆಗಳಾಗಿ ಬಂದವು. ಮರುವರ್ಷವೂ ಅದೇ ಹಾಡು.

"ಸಾಕು ಬಿಡವ್ವ," ಎಂದರು ಅಪ್ಪ.

"ತಪ್ಪು ಎಲ್ಲೈತಿ ಅಂತ ತಿಳೀದೆ ಹೆಂಗೆ ಬಿಡ್ಲಿ ಅಪ್ಪಾ?"

ತಪ್ಪು ಸರಳಿನಲ್ಲಿತ್ತು. ಹಲಗೆ ತೆರೆಯುವುದು ಕಮಾನಿನಲ್ಲಿ, ಸರಳು ನೆಟ್ಟಗೆ. ನೆಲದ ಮೇಲೆ ದಾರ ಹಿಡಿದು ಸೀಮೆಸುಣ್ಣದಲ್ಲಿ ಕಮಾನು ಬರೆದಳು. ಗೆರೆಗೆ ಗೆರೆ ಕೂಡುವವರೆಗೆ ಸರಳನ್ನು ಬಾಗಿಸಿದಳು.

ಈ ಜನವರಿಯ ಅಮಾವಾಸ್ಯೆಯ ಆಸುಪಾಸು, ಉಂಡಾದ ಮೇಲೆ ನಾಲ್ಕು ದಿನ ಮಾಳಿಗೆ ಹತ್ತಿದಳು. ನಿಮಿಷಕ್ಕೊಂದರಂತೆ ಆರುನೂರು ಫೋಟೊ. ಒಂದೊಂದೂ ನೋಡಿದರೆ ಬರೀ ಕತ್ತಲು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಕೂಡಿಸಿದಾಗ, ಕಪ್ಪಿನೊಳಗಿಂದ ಕೆಂಪು ಎಸಳುಗಳು ಒಂದೊಂದಾಗಿ ಎದ್ದವು. ಚುಕ್ಕಿಗಳು ಸೂಜಿ ಚುಚ್ಚಿದಷ್ಟು ಸಣ್ಣಗೆ, ದುಂಡಗೆ.

ಕಲ್ಲೇಶ್ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತ. "ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದೀನಿ. ಇಂಥಾದ್ದು ನನ್ ಕೈಯಾಗೆ ಬಂದಿಲ್ಲ," ಎಂದ.

ಆ ಭಾನುವಾರ ಚಿತ್ರಕ್ಕೆ ಕಟ್ಟು ಹಾಕಿಸಿ ತವರಿಗೆ ಒಯ್ದಳು. ಮಧ್ಯಾಹ್ನ ಅಪ್ಪನನ್ನು ಊಟಕ್ಕೆ ಕರೆಯಲು ಹೋದರೆ, ಅವರು ಟೀ ಅಂಗಡಿಯಲ್ಲಿ ಚಿತ್ರವನ್ನು ಎದೆಗಾನಿಸಿ ಹಿಡಿದು ನಿಂತಿದ್ದರು. ಸುತ್ತ ಹತ್ತು ಜನ.

"ನೀವು ಎಷ್ಟು ಕಣ್ಣು ಕಿಸಿದ್ರೂ ಕಾಣಾಂಗಿಲ್ಲ. ನನ್ ಮಗಳು ಹಿಡಿದಾಳ. ಸರಳು ಬಾಗಿಸಿದ್ದು ಹೆಂಗೆ ಗೊತ್ತೇನು? ಕೇಳ್ರಿ ಇಲ್ಲಿ..."

ಅಂಬಿಕಾ ಕರೆಯಲಿಲ್ಲ. ಸಾರು ಆರಿದರೆ ಆರಲಿ ಎಂದುಕೊಂಡು, ಬೇವಿನ ಮರದ ಮರೆಯಲ್ಲಿ ನಿಂತು ಪೂರ್ತಿ ಕೇಳಿದಳು.