ಕಲಿಸಿಕೊಟ್ಟ ಪಟ್ಟು

ಸ್ವೀಡನ್ನಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದಾಗ ಇದ್ದಕ್ಕಿದ್ದಂತೆ ಊರಿಡೀ ಸೈರನ್ ಕೂಗತೊಡಗಿತು. ಊದುತ್ತದೆ, ನಿಲ್ಲುತ್ತದೆ, ಮತ್ತೆ ಊದುತ್ತದೆ. ಯುದ್ಧವೇ ಬಂತೆಂದು ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟು ಹೊರಗೆ ಓಡಿದೆ. ಅಲ್ಲಿ ನೋಡಿದರೆ ಎಲ್ಲರೂ ಫಿಕಾಕ್ಕೆ ಕೂತಿದ್ದಾರೆ! ಫಿಕಾ ಎಂದರೆ ಕೆಲಸ ಬದಿಗಿಟ್ಟು ಒಟ್ಟಿಗೆ ಕಾಫಿ ಕುಡಿಯುವ ಹೊತ್ತು. ಇಲ್ಲಿಯವರು ಅದನ್ನು ಪೂಜೆಯಂತೆ ತಪ್ಪದೆ ಪಾಲಿಸುತ್ತಾರೆ. ನಮ್ಮ ಲ್ಯಾಬಿನ ಹಿರಿಯಳು ಬಿರ್ಗಿತ್ತಾ ಬನ್ ಮುರಿಯುತ್ತಾ, "ಹೆದರಬೇಡ, ಸರಿಯಾಗಿದೆಯಾ ಅಂತ ಆಗಾಗ ಊದಿ ನೋಡ್ತಾರೆ ಅಷ್ಟೆ" ಎಂದಳು. ನನಗೂ ನಗು ಬಂತು. ಸಂಜೆ ಗಂಡನಿಗೆ ಹೇಳಿ ನಗಿಸಬೇಕು ಎಂದುಕೊಂಡೆ.

ನಾವು ಹೊನ್ನಾವರದವರು. ಫ್ಲೆಮಿಂಗ್ಸ್‌ಬೆರ್ಯ್‌ನ ವೈದ್ಯಕೀಯ ಕ್ಯಾಂಪಸ್ಸಿನಲ್ಲಿ ನನಗೆ ಸಂಶೋಧನೆಯ ಕೆಲಸ ಸಿಕ್ಕಿತ್ತು. ನನ್ನ ಗಂಡ ಪ್ರಕಾಶ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಸೇವೆಯ ಅವಧಿ ಮುಗಿಸಿ ನನ್ನ ಹಿಂದೆ ಬಂದಿದ್ದರು. ಊರಲ್ಲಿ ಜೀಪಿನಿಂದ ಇಳಿದರೆ ಸೆಲ್ಯೂಟ್ ಬೀಳುತ್ತಿದ್ದ ಮನುಷ್ಯ ಇಲ್ಲಿ ಬೆಳಗ್ಗೆ ಅನ್ನ ಸಾರು ಮಾಡಿಟ್ಟು, ಮಧ್ಯಾಹ್ನ ಕೊಮ್ಯೂನ್, ಅಂದರೆ ಇಲ್ಲಿಯ ನಗರಸಭೆ, ವಲಸಿಗರಿಗೆ ನಡೆಸುವ ಸ್ವೀಡಿಷ್ ತರಗತಿಗೆ ಚೀಲ ಹಾಕಿಕೊಂಡು ಹೋಗುತ್ತಿದ್ದರು.

ಆ ಸಂಜೆ ನಾನು ಮನೆಗೆ ಬಂದಾಗ ಅವರು ಜಾಕೆಟ್ಟೂ ಬಿಚ್ಚದೆ ಕೂತಿದ್ದರು.

"ಏನ್ರೀ, ಹುಷಾರಿಲ್ವಾ?"

"ಕ್ಲಾಸಲ್ಲಿ ಸೈರನ್ ಕೇಳ್ಸಿತು. ಎಲ್ಲರೂ ಗಾಬರಿಯಿಂದ ಎದ್ರು. ನಾನು 'ಕೆಳಗೆ ಮಲಗಿ' ಅಂತ ಕೂಗಿಬಿಟ್ಟೆ. ಯಾವ ಭಾಷೇಲಿ ಗೊತ್ತಾ? ದ್ವೀಪದ ಭಾಷೇಲಿ."

ಆ ದ್ವೀಪದ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಪುಟ್ಟ ದೇಶ. ಅದರ ಭದ್ರತಾ ಪಡೆಗೆ ತರಬೇತಿ ಕೊಡಲು ನಮ್ಮ ದೇಶ ಕಳಿಸಿದ ತಂಡದಲ್ಲಿ ಪ್ರಕಾಶ್ ಕೆಲವು ಕಾಲ ಇದ್ದರು. ಗುಂಪನ್ನು ಚದುರಿಸುವುದು ಹೇಗೆ, ಗಾಯವಾಗದಂತೆ ಒಬ್ಬನನ್ನು ಹಿಡಿಯುವುದು ಹೇಗೆ ಎಂದು ಕಲಿಸುತ್ತಿದ್ದರು. ಆಜ್ಞೆಯ ಹತ್ತಾರು ಶಬ್ದಗಳು ಅಲ್ಲಿಯ ಭಾಷೆಯಲ್ಲೇ ಬಾಯಿಗೆ ಕೂತಿದ್ದವು.

"ಯಾರಿಗೂ ಅರ್ಥ ಆಗಿರಲ್ಲ ಬಿಡಿ," ಎಂದೆ.

"ಒಬ್ಬನಿಗೆ ಆಯ್ತು. ಹಿಂದಿನ ಬೆಂಚಿನವನು. ಮುಖ ನೆಲಕ್ಕೆ ಒತ್ತಿ, ಕೈ ತಲೆ ಹಿಂದೆ ಇಟ್ಕೊಂಡು ಮಲಗಿಬಿಟ್ಟ. ನಾನು ಕಲಿಸ್ತಿದ್ದ ಹಾಗೇ. ಒಂದು ಕೈ ಮಾತ್ರ ಮೇಲೆ ಬರ್ಲಿಲ್ಲ."

ಆ ಮನುಷ್ಯನನ್ನು ತೋಮಸ್ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಅಂದಿನಿಂದ ನಮ್ಮ ಮನೆಯೊಳಗೆ ಹೆದರಿಕೆ ಹೊಕ್ಕಿತು. ಪ್ರಕಾಶ್ ತರಗತಿಗೆ ಹೋಗುವುದನ್ನೇ ಬಿಟ್ಟರು. ನಮ್ಮದು ಬೇರೊಬ್ಬ ಬಾಡಿಗೆದಾರನಿಂದ ಒಳಬಾಡಿಗೆಗೆ ಪಡೆದ ಮನೆ. ಬಾಗಿಲ ಮೇಲೆ ನಮ್ಮ ಹೆಸರಿನ ಚೀಟಿ ಅಂಟಿಸಿದ್ದೆವು. ಅದನ್ನು ಕಿತ್ತೆ. ಕಟ್ಟಡದವರೆಲ್ಲ ಸರದಿಯ ಮೇಲೆ ಬಟ್ಟೆ ಒಗೆಯುವ ನೆಲಮಾಳಿಗೆಗೆ ಒಬ್ಬಳೇ ಹೋಗುವುದಕ್ಕೂ ಭಯ. ಊರಲ್ಲಿ ಭಯವಾದರೆ ಪಕ್ಕದ ಮನೆಯ ಶಾಂತಕ್ಕನನ್ನು ಕೂಗುತ್ತಿದ್ದೆ. ಇಲ್ಲಿ ಎದುರು ಬಾಗಿಲಿನವರು, ನಾನು ಹೊರಗಿದ್ದೇನೆಂದು ಗೊತ್ತಾದರೆ, ನಾನು ಲಿಫ್ಟ್ ಹತ್ತುವ ತನಕ ಒಳಗೇ ಕಾಯುತ್ತಿದ್ದರು. ಅದು ಅವರ ಮರ್ಯಾದೆ. ಆದರೆ ಆ ಮರ್ಯಾದೆಯ ನಡುವೆ ನಾನು ಕಿರುಚಿದರೂ ಯಾರಾದರೂ ಬಂದಾರೇ?

ಒಂದು ಶನಿವಾರ ಬಾಗಿಲು ಸದ್ದಾಯಿತು. ಹೇಳದೆ ಯಾರೂ ಬಾರದ ದೇಶ. ಪ್ರಕಾಶ್ ಕಿಂಡಿಯಲ್ಲಿ ನೋಡಿ, "ಅವನೇ" ಎಂದು ಪಿಸುಗುಟ್ಟಿದರು. ನಾನು ಬೇಡವೆಂದು ಅವರ ತೋಳು ಹಿಡಿದೆ. ಅವರು ತೆರೆದರು.

ಸಣಕಲು ಮನುಷ್ಯ, ಬೇಸಿಗೆಯ ತೆಳ್ಳನೆಯ ಕೋಟು ಮೈಗಂಟಿಸಿಕೊಂಡು ನಿಂತಿದ್ದ. ಪ್ರಕಾಶರನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಆಗ ನನಗೆ ಹೊಳೆಯಿತು, ನಮಗಿಂತ ಹೆಚ್ಚು ಹೆದರಿರುವವನು ಅವನು.

"ಸರ್, ಜಗಳಕ್ಕೆ ಬಂದಿಲ್ಲ," ಎಂದ ಇಂಗ್ಲಿಷಿನಲ್ಲಿ. "ತರಗತಿಯವರ ಹತ್ತಿರ ವಿಳಾಸ ಕೇಳಿಕೊಂಡು ಬಂದೆ. ಒಂದು ಮಾತು ಕೇಳಬೇಕಿತ್ತು."

ಊಟದ ಹೊತ್ತಾಗಿತ್ತು. ಡಬ್ಬಿಯ ತೆಂಗಿನ ಹಾಲಿನಲ್ಲಿ ಮೀನು ಸಾರು ಮಾಡಿದ್ದೆ. ಆ ಡಬ್ಬಿಯನ್ನು ಇರಾಕಿಯೊಬ್ಬನ ಅಂಗಡಿಯಲ್ಲಿ ಪತ್ತೆ ಮಾಡಿದ್ದೇ ನನ್ನ ಈ ದೇಶದ ಮೊದಲ ಗೆಲುವು. ವಾಸನೆಗೆ ಅವನ ಕಣ್ಣು ಅಡುಗೆಮನೆಯತ್ತ ತಿರುಗಿತು. ಬಡಿಸಿದೆ. ಎಡಗೈಯಲ್ಲಿ ತಿನ್ನತೊಡಗಿದ. ನನ್ನ ನೋಟ ಕಂಡು, "ಕ್ಷಮಿಸಿ ಅಕ್ಕ, ನಮ್ಮಲ್ಲೂ ಇದು ತಪ್ಪೇ. ಬಲಗೈ ಬಾಯಿವರೆಗೆ ಏಳುವುದಿಲ್ಲ" ಎಂದ.

ದ್ವೀಪದಲ್ಲಿ ಅವನು ಶಾಲಾ ಮೇಷ್ಟರು. ಚುನಾವಣೆ ಬೇಕೆಂದು ಕರೆದ ಸಭೆಯಲ್ಲಿ ಕೂತಿದ್ದಕ್ಕೆ ಹಿಡಿದೊಯ್ದರು. ಕೈಯನ್ನು ಬೆನ್ನ ಹಿಂದೆ ತಿರುಚಿ, ಭುಜದ ಮೇಲೆ ಮಂಡಿಯೂರಿ ಒತ್ತಿದರು. ಇಲ್ಲಿ ಆಶ್ರಯ ಕೇಳಿದರೆ, ದೋಣಿಯಿಂದ ಬಿದ್ದರೂ ಭುಜ ಹೀಗಾಗಬಹುದಲ್ಲ ಎಂದು ವಲಸೆ ಕಚೇರಿಯವರು ಕೇಳಿದ್ದರಂತೆ.

"ಆ ಪಟ್ಟು ನಿಮ್ಮದಾ ಸರ್?"

ಪ್ರಕಾಶ್ ತಟ್ಟೆ ನೋಡುತ್ತಾ ಹೇಳಿದರು: "ಪಟ್ಟು ನನ್ನದು. ಮಂಡಿ ಊರೋದನ್ನ ನಾನು ಕಲಿಸಿಲ್ಲ."

"ಹಾಗಂತ ವಲಸೆ ಕಚೇರಿಗೆ ಬಂದು ಹೇಳ್ತೀರಾ?"

ಅವನು ಹೋದ ಮೇಲೆ ನಾನು ಅಳುತ್ತಾ ಜಗಳವಾಡಿದೆ. ಪ್ರಕಾಶರ ತಮ್ಮ ದಿನೇಶ ಇನ್ನೂ ಸೈನ್ಯದಲ್ಲಿದ್ದ. ನಾಳೆ ಇದು ಅಲ್ಲಿ ಗೊತ್ತಾದರೆ? ನಮ್ಮ ಪಾಸ್‌ಪೋರ್ಟ್? ನನ್ನ ಕೆಲಸ? "ಯಾರದೋ ದೇಶದ ಗೋಳು, ನಮ್ಮ ತಲೆ ಮೇಲೆ ಯಾಕೆ ಎಳ್ಕೊಳ್ತೀರಿ?" ಎಂದೆ.

"ನನಗೂ ಹೆದರಿಕೆ ಇದೆ," ಎಂದರು. ಸೈನ್ಯದ ಮನುಷ್ಯ, ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. "ಆದ್ರೆ ಅವ್ನನ್ನ ವಾಪಸ್ ಕಳ್ಸಿದ್ರೆ, ಮತ್ತೆ ಹಿಡಿಯೋರು ನನ್ನ ಹುಡುಗ್ರೇ."

ವಿಚಾರಣೆಯ ದಿನ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ತೋಮಸನೇ ಹೇಳಿದ. ಆ ಹಿಡಿತವನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು ಪ್ರಕಾಶ್ ತೋರಿಸಿದರಂತೆ. ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ಅಧಿಕಾರಿ ಕೇಳಿದಳಂತೆ. "ಇವರ ಭುಜದ ಹಾಗಾಗುತ್ತದೆ," ಎಂದರಂತೆ. ಪ್ರಕಾಶ್ ಹೊರಬಂದಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆ. ಕಿಟಕಿಯಾಚೆ ಹಿಮ ಬೀಳುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ತೋಮಸನಿಗೆ ಇಲ್ಲೇ ನೆಲೆಸುವ ಅನುಮತಿ ಸಿಕ್ಕಿತು. ಉತ್ತರದ ಲುಲೆಯೊದಲ್ಲಿ ಕೆಲಸ ಹಿಡಿದು ಹೊರಟುಹೋದ. ಸಂತೋಷವಾಗಲಿಲ್ಲವೆಂದಲ್ಲ. ಆದರೆ ಹೆದರಿಕೆ ಅವನ ಜೊತೆ ರೈಲು ಹತ್ತಲಿಲ್ಲ.

ಮರುವರ್ಷ ದಿನೇಶನ ಮದುವೆಗೆ ಊರಿಗೆ ಹೋದೆವು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪ್ರಕಾಶರ ಪಾಸ್‌ಪೋರ್ಟ್ ಹಿಡಿದು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹುಟ್ಟಿದ ನೆಲದ ಮೇಲೆ ನಿಂತು ನನ್ನ ಬಾಯಿ ಒಣಗಿತ್ತು. ಕೊನೆಗೆ ಬಂದು, "ಸ್ಟ್ಯಾಂಪ್ ಪ್ಯಾಡ್ ಹುಡುಕ್ತಿದ್ದೆ ಸರ್," ಎಂದು ಠಸ್ಸೆ ಒತ್ತಿಕೊಟ್ಟ. ಸ್ವೀಡನ್ನಿನಲ್ಲಿ ಪೊಲೀಸರ ಎದುರೂ ನನಗೆ ಹಾಗಾಗಿರಲಿಲ್ಲ.

ಮದುವೆಯ ಗಲಾಟೆ ಇಳಿದ ಮೇಲೆ ಪ್ರಕಾಶ್ ತಮ್ಮನಿಗೆ ಎಲ್ಲವನ್ನೂ ಹೇಳಿದರು. ದಿನೇಶ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ನೀ ಹೇಳಿದ್ದು ಸುಳ್ಳು ಅಂತ ನಾ ಹೇಳೂದಿಲ್ಲ ಅಣ್ಣ. ಆದ್ರೆ ಬೇರೆಯವ್ರ ಆಫೀಸಲ್ಲಿ ಹೋಗಿ ಯಾಕೆ ಹೇಳ್ದೆ?"

"ಕೇಳಿದೋರು ಅಲ್ಲೇ ಇದ್ರು," ಎಂದರು ಪ್ರಕಾಶ್.

ಹಿಂತಿರುಗುವಾಗ ವಿಮಾನದಲ್ಲಿ, "ಮನೆ ಮುಟ್ಟಿದ ಕೂಡಲೇ ದಿನೇಶನಿಗೆ ಫೋನ್ ಮಾಡ್ಬೇಕು," ಎಂದರು. ಮನೆ ಎಂದದ್ದು ಫ್ಲೆಮಿಂಗ್ಸ್‌ಬೆರ್ಯ್‌ನ ಒಳಬಾಡಿಗೆಯ ಎರಡು ಕೋಣೆಗೆ. ಅಲ್ಲಿ ಮುಟ್ಟಿದ ಮೇಲೆ ಫೋನ್ ಎತ್ತಿದರು, ನಂಬರ್ ಒತ್ತಿದರು, ಆ ಕಡೆ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟರು. "ನೀನೇ ಮಾತಾಡು. ನಾನು ಮಾತಾಡಿದ್ದು ಯಾರಾದ್ರೂ ಕೇಳಿಸ್ಕೊಂಡು ಅವ್ನಿಗೆ ತೊಂದ್ರೆ ಆದ್ರೆ?"

ನಾನೇ ಮಾಡಿದೆ. ಅಲ್ಲಿ ಮಳೆ ಹಿಡಿದಿದೆಯಾ ಎಂದು ನಾನು ಕೇಳಿದೆ. ಇಲ್ಲಿ ಚಳಿ ಹೇಗಿದೆ ಎಂದು ಅವನು ಕೇಳಿದ. ಪ್ರಕಾಶ್ ಪಕ್ಕದಲ್ಲೇ ತಲೆ ಬಾಗಿಸಿ, ರಿಸೀವರಿನಿಂದ ಸೋರುವ ತಮ್ಮನ ದನಿಗೆ ಕಿವಿಗೊಟ್ಟು ನಿಂತಿದ್ದರು. ಅಣ್ಣ ಎಲ್ಲಿ ಎಂದು ದಿನೇಶ ಕೇಳಲಿಲ್ಲ.