ಗ್ಯಾರೇಜಿನಲ್ಲಿ ಕುದಿಸಿದ ಹೆಲ್ಲೆಸ್

ಹೆಲ್ಲೆಸ್ ಎಂಬ ಜರ್ಮನ್ ಬಿಯರಿಗೆ ಚಳಿ ಬೇಕು. ತಿಳಿ ಹಳದಿ ಬಣ್ಣ, ಕಹಿ ಕಡಿಮೆ, ಮೊಳಕೆ ಬಾರ್ಲಿಯ ಮಾಲ್ಟಿನ ರುಚಿಯೇ ಮುಂದು. ಐವತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತು ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ನಿಧಾನವಾಗಿ ಹುದುಗಬೇಕು. ಅಮೆರಿಕದ ಮಿಶಿಗನ್ನಿನ ಜನವರಿ ಅದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿನ ಟ್ರಾಯ್ ಊರಿನಲ್ಲಿರುವ ಧಾರವಾಡದ ಗೆಳೆಯನ ಗ್ಯಾರೇಜಿನಲ್ಲಿ ನಾವಿಬ್ಬರೂ ಪ್ರತಿ ಚಳಿಗಾಲ ಅದನ್ನು ಮಾಡುತ್ತಿದ್ದೆವು.

ಆ ಶನಿವಾರ ಮಧ್ಯಾಹ್ನ ಅವನ ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದರು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಗಳು ಓದುತ್ತಿದ್ದಳು. ಪ್ರೊಪೇನ್ ಒಲೆ ಹಚ್ಚುವ ಮುಂಚೆ ನಾನು ಒಲೆಯ ವಿಷಗಾಳಿ ಹೊರಹೋಗಲೆಂದು ದೊಡ್ಡ ಬಾಗಿಲನ್ನು ಅರ್ಧ ಎತ್ತಿಸಿ, "ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ ತಾನೇ?" ಎಂದು ಕೇಳಿದೆ.

"ಐತೋ ಮಾರಾಯಾ, ಗ್ವಾಡಿ ಮ್ಯಾಲೆ ಕುಂತೈತಿ. ನೀವು ಮೈಸೂರವರು ನೀರು ಕಾಸಾಕೂ ಪಂಚಾಂಗ ನೋಡತೀರಿ!"

ನಕ್ಕೆ. ನಂಬಿದೆ.

ಮಾಲ್ಟಿನ ರಸ ಕುದಿಯತೊಡಗಿ ಹುರಿಹಿಟ್ಟಿನಂಥ ವಾಸನೆ ಎದ್ದಿತು. ಹುದುಗಿಸುವ ಡಬ್ಬಿ ತೊಳೆಯಲು ನಾನು ಅಡುಗೆಮನೆಗೆ ಹೋದೆ. ತೊಳೆದು ಮುಗಿಸುವ ಹೊತ್ತಿಗೆ ಹುಡುಗಿ ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದಳು. "ಅಂಕಲ್, ಮೈ ಹೆಡ್ ಹರ್ಟ್ಸ್" ಎಂದವಳು ಅಲ್ಲೇ ಕುಸಿದು ವಾಂತಿ ಮಾಡಿಕೊಂಡಳು.

ಅವಳನ್ನು ಎತ್ತಿ ಹೊರಗೊಯ್ದು, ನನ್ನ ಜಾಕೆಟ್ ಹೊದಿಸಿ ಹಿಮದ ಪಕ್ಕ ಕೂರಿಸಿ, ಗ್ಯಾರೇಜಿಗೆ ಓಡಿದೆ. ದೊಡ್ಡ ಬಾಗಿಲು ಪೂರ್ತಿ ಇಳಿದಿತ್ತು. ಗೆಳೆಯ ಗೋಡೆಗೊರಗಿ ಕೂತು ನನ್ನ ಗುರುತೇ ಸಿಗದವನಂತೆ ನೋಡಿದ. ಒಲೆ ಆರಿಸಿ, ಬಾಗಿಲು ಎತ್ತಿ, ಅವನನ್ನೂ ಎಳೆದು ತಂದು 911ಕ್ಕೆ ಫೋನ್ ಮಾಡಿದೆ.

ಬಂದ ಅಗ್ನಿಶಾಮಕರು ಗೋಡೆಯ ಅಲಾರಂ ತೆಗೆದು ತೋರಿಸಿದರು. ಒಳಗೆ ಬ್ಯಾಟರಿಯೇ ಇರಲಿಲ್ಲ.

"ಹೊಗಿಗೂ ಅದs ಅಲಾರಂ. ಮೆಣಸಿನಕಾಯಿ ಒಗ್ಗರಣಿ ಹಾಕಿದಾಗೆಲ್ಲಾ ಚೀರತಿತ್ತು, ತಗದಿಟ್ಟಿದ್ದೆ" ಎಂದ ಅವನು, ಆಕ್ಸಿಜನ್ ಕೊಟ್ಟ ಮೇಲೆ ಚೇತರಿಸಿಕೊಂಡು, ತಗ್ಗಿದ ದನಿಯಲ್ಲಿ.

"ಬಾಗಿಲು?"

"ಎದುರಮನಿ ಅಂಕಲ್-ಆಂಟಿ ವಾಕಿಂಗ್ ಬಂದ್ರು. ಬಿಯರ್ ಮಾಡೂದು ನೋಡಿ ಗುಡ್ಯಾಗೆಲ್ಲಾ ಹೇಳತಾರಂತ ಹಾಕಿದೆ."

ಅಷ್ಟರಲ್ಲಿ ಅವನ ಹೆಂಡತಿಯ ಕಾರು ಬಂತು. ಆಂಬುಲೆನ್ಸಿನಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಕೂತ ಮಗಳನ್ನು ತಬ್ಬಿಕೊಂಡು ಅವರು ಗಂಡನನ್ನು ಕೇಳಿದರು: "ಬಾಗಲಾ ಯಾರು ಹಾಕಿದ್ರು?"

ಅವನು ನನ್ನ ಕಡೆ ನೋಡಲಿಲ್ಲ. "ಇವಂಗ ಥಂಡಿ ಆತಂತ, ಇವನs ಹಾಕಿದ."

"ಖರೇ ಏನ್ರಿ ಅಣ್ಣಾ?"

ಹುಡುಗಿ ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. "ಇಲ್ಲಮ್ಮ, ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲು ಹಾಕಿದ್ದು ಅವನೇ. ಬ್ಯಾಟರಿ ತೆಗೆದಿದ್ದೂ ಅವನೇ" ಎಂದೆ.

ಅಂದೇ ಸಂಜೆ ಅವಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ನಾನು ಮಾತ್ರ ಈಗಲೂ ಕೊಳಾಯಿ ತಿರುಗಿಸಿದವನು ನಡುವೆ ನಿಲ್ಲಿಸಿ ಕಿವಿಗೊಡುತ್ತೇನೆ. ಅವಳು ಇಳಿದು ಬರದೆ, ಪುಸ್ತಕದ ಮೇಲೇ ತಲೆಯಿಟ್ಟು ಮಲಗಿಬಿಟ್ಟಿದ್ದರೆ? ಆ ನೀರಿನ ಸದ್ದಿನಲ್ಲಿ ನಾನು ಇನ್ನೂ ಡಬ್ಬಿ ತೊಳೆಯುತ್ತಲೇ ಇರುತ್ತಿದ್ದೆ.

ವಾರ ಕಳೆದ ಮೇಲೆ ಅವನ ಮೆಸೇಜ್ ಬಂತು: "ಮಗಳ ಮುಂದ ನನ್ನ ಮಾನ ಕಳದಿ. ದೋಸ್ತ ಅಂತ ನಂಬಿದ್ದೆ ನಿನ್ನ."

ಬೈಗುಳ ಬರೆದೆ, ಅಳಿಸಿದೆ. "ಅವಳಿಗೆ ಈಗ ತಲೆನೋವು ಇಲ್ಲ ತಾನೇ?" ಎಂದಷ್ಟೇ ಕಳಿಸಿದೆ.